ಸುಟ್ಟ ಪೈನ್ ಕಾಡು ಎಲ್ಲಿ ಮರಳುತ್ತದೆ, ಎಲ್ಲಿ ಮರಳುವುದಿಲ್ಲ

1988ರ ಬೇಸಿಗೆಯಲ್ಲಿ ಅಮೆರಿಕದ ಯೆಲ್ಲೊಸ್ಟೋನ್ ರಾಷ್ಟ್ರೀಯ ಉದ್ಯಾನದ ಮೂರನೇ ಒಂದು ಭಾಗಕ್ಕೂ ಹೆಚ್ಚು ಜಾಗಕ್ಕೆ, ಅಂದರೆ ಸುಮಾರು 7.93 ಲಕ್ಷ ಎಕರೆಗೆ, ಕಾಳ್ಗಿಚ್ಚು ಹರಡಿತು. ಸಾವಿರಾರು ಮಂದಿ ತಿಂಗಳುಗಟ್ಟಲೆ ಹೆಣಗಿದರೂ ಆರದ ಆ ಬೆಂಕಿಯನ್ನು ಕೊನೆಗೆ ತಣಿಸಿದ್ದು ಸೆಪ್ಟೆಂಬರ್ ಎರಡನೇ ವಾರ ಬಿದ್ದ ಹಿಮ. ಟೀವಿಯಲ್ಲಿ ಕರಿ ಬೆಟ್ಟಗಳನ್ನು ಕಂಡವರಲ್ಲಿ ಹಲವರು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನದ ಕಥೆ ಮುಗಿಯಿತೆಂದೇ ಭಾವಿಸಿದರು. ಮರುವರ್ಷವೇ ಬೂದಿಯ ನಡುವಿನಿಂದ ಲಾಜ್‌ಪೋಲ್ ಪೈನ್ ಸಸಿಗಳು ತಲೆಯೆತ್ತಿದವು. ಕೆಲವು ಕಡೆ ಹೆಕ್ಟೇರಿಗೆ ಲಕ್ಷಕ್ಕೂ ಮೀರಿ ಎಳೆಮರಗಳು ನಿಂತವು. ಸುಟ್ಟ ಕಾಡು ತಾನೇ ತಾನಾಗಿ ಮರಳಿ ಬರುತ್ತದೆ ಎಂಬುದಕ್ಕೆ ಯೆಲ್ಲೊಸ್ಟೋನ್ ಪಠ್ಯಪುಸ್ತಕದ ಉದಾಹರಣೆಯಾಯಿತು.

2016ರಲ್ಲಿ ಅದೇ ಉದ್ಯಾನದಲ್ಲಿ ಮೇಪಲ್ ಎಂಬ ಹೆಸರಿನ ಬೆಂಕಿ ಎದ್ದಿತು. ಈ ಬಾರಿ ಉರಿದದ್ದು 1988ರ ನಂತರ ಹುಟ್ಟಿದ, ಕೇವಲ 28 ವರ್ಷದ ಕಾಡು. ಅಷ್ಟು ಎಳೆಯ ಕಾಡು ಇಷ್ಟು ಜೋರಾಗಿ ಹತ್ತಿಕೊಳ್ಳುವುದಿಲ್ಲ ಎಂಬುದು ಅಲ್ಲಿಯವರೆಗಿನ ತಿಳಿವಳಿಕೆ. 1988ರಿಂದಲೂ ಅಲ್ಲಿ ಅಧ್ಯಯನ ನಡೆಸುತ್ತಿದ್ದ ಪರಿಸರ ವಿಜ್ಞಾನಿ ಮೋನಿಕಾ ಟರ್ನರ್ ಅವರ ತಂಡ ಮತ್ತೆ ಹೋಗಿ ನೋಡಿದಾಗ, ಹಳೆಯ ಬಿದ್ದ ದಿಮ್ಮಿಗಳೂ ಉಳಿಯದೆ ಬೂದಿಯಾಗಿದ್ದ ಜಾಗಗಳಿದ್ದವು. ಎರಡು ಬಾರಿ ಬೇಗಬೇಗ ಸುಟ್ಟ ಕಡೆ ಹೊಸ ಸಸಿಗಳ ಸಂಖ್ಯೆ ಸರಾಸರಿ ಆರನೇ ಒಂದು ಪಾಲಿಗೆ ಇಳಿದಿತ್ತು. ಈ ಫಲಿತಾಂಶ 2019ರಲ್ಲಿ ಪ್ರಕಟವಾಯಿತು.

ಈ ಎರಡು ಬೆಂಕಿಗಳ ನಡುವೆ ಇಡೀ ಚರ್ಚೆ ನಿಂತಿದೆ. ಪೈನ್, ಫರ್, ಸ್ಪ್ರೂಸ್‌ಗಳಂಥ ಸೂಚಿಪರ್ಣಿ ಮರಗಳ ಕಾಡು ಬೆಂಕಿಯ ಜೊತೆಗೇ ಬೆಳೆದುಬಂದದ್ದು. ಹಾಗಿದ್ದ ಮೇಲೆ ಕಳೆದ ಮೂರು ದಶಕಗಳಲ್ಲಿ ಹಲವೆಡೆ ಅದು ಮರಳಿ ಬರದಿರುವುದೇಕೆ? ಬೀಜವಿಲ್ಲದ್ದರಿಂದಲೇ, ತೇವವಿಲ್ಲದ್ದರಿಂದಲೇ, ನಾವು ಬೆಂಕಿಯನ್ನು ನೂರು ವರ್ಷ ತಡೆದು ಕಾಡನ್ನು ಕೆಡಿಸಿದ್ದರಿಂದಲೇ, ಅಥವಾ ಕಾಡು ಬರುತ್ತಲೇ ಇದ್ದು ಕಾಯುವ ವ್ಯವಧಾನ ನಮಗಿಲ್ಲದ್ದರಿಂದಲೇ? ಈ ನಾಲ್ಕೂ ಉತ್ತರಗಳಿಗೆ ಗಟ್ಟಿಯಾದ ಪ್ರತಿಪಾದಕರಿದ್ದಾರೆ.

ಬೆಂಕಿಯನ್ನು ಶತ್ರುವೆಂದು ಬಗೆದ ಕಾಲ

ಅಮೆರಿಕದ ಅರಣ್ಯ ಸೇವೆ ಹುಟ್ಟಿದ್ದು 1905ರಲ್ಲಿ. ಐದೇ ವರ್ಷಕ್ಕೆ, 1910ರ ಆಗಸ್ಟ್ 20 ಮತ್ತು 21ರಂದು, ಐಡಹೊ ಮತ್ತು ಮೊಂಟಾನಾ ಸೀಮೆಯಲ್ಲಿ ಬಿರುಗಾಳಿಯ ಜೊತೆ ಸೇರಿದ ಬೆಂಕಿ ಸುಮಾರು 30 ಲಕ್ಷ ಎಕರೆ ಕಾಡನ್ನು ನುಂಗಿತು. ಕನಿಷ್ಠ 85 ಮಂದಿ ಸತ್ತರು, ಅವರಲ್ಲಿ ಹೆಚ್ಚಿನವರು ಬೆಂಕಿ ಆರಿಸಲು ಹೋದವರೇ. ಹೊಸ ಇಲಾಖೆಯ ಮನಸ್ಸಿನಲ್ಲಿ ಆ ಎರಡು ದಿನ ಅಚ್ಚೊತ್ತಿ ಕುಳಿತವು. 1935ರಲ್ಲಿ ಬಂದ ನಿಯಮದ ಪ್ರಕಾರ ಎಲ್ಲೇ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ 10 ಗಂಟೆಯೊಳಗೆ ಅದನ್ನು ಹತೋಟಿಗೆ ತರಬೇಕಿತ್ತು. 1944ರಲ್ಲಿ ಸ್ಮೋಕಿ ಬೇರ್ ಎಂಬ ಟೋಪಿ ತೊಟ್ಟ ಕರಡಿ ಭಿತ್ತಿಚಿತ್ರಗಳಲ್ಲಿ ಬಂದು ಮಕ್ಕಳಿಗೂ ಇದೇ ಪಾಠ ಹೇಳತೊಡಗಿತು.

ಅದಕ್ಕೂ ಮೊದಲು ಅಲ್ಲಿ ಬೇರೆ ತಿಳಿವಳಿಕೆಯೇ ಇತ್ತು. ಉತ್ತರ ಕ್ಯಾಲಿಫೋರ್ನಿಯಾದ ಕರೂಕ್, ಯುರೋಕ್ ಮೊದಲಾದ ಮೂಲನಿವಾಸಿಗಳು ಹದವರಿತು ಕಾಡಿಗೆ ಕಿಚ್ಚಿಡುತ್ತಿದ್ದರು. ಬುಟ್ಟಿ ಹೆಣೆಯುವ ಕಡ್ಡಿಗೆ, ಓಕ್ ಕಾಯಿಗೆ, ಜಿಂಕೆಯ ಮೇವಿಗೆ ಆ ಸಣ್ಣ ಬೆಂಕಿ ಬೇಕಾಗಿತ್ತು. 1850ರಲ್ಲೇ ಕ್ಯಾಲಿಫೋರ್ನಿಯಾದ ಕಾನೂನೊಂದು ಹುಲ್ಲುಗಾವಲಿಗೆ ಬೆಂಕಿಯಿಡುವುದನ್ನು ಅಪರಾಧವಾಗಿಸಿತು. ಜನರನ್ನು ಅವರ ನೆಲದಿಂದ ಎಬ್ಬಿಸಿದ ಮೇಲೆ ಅವರ ಬೆಂಕಿಯೂ ಹೋಯಿತು. ಈ ಚರ್ಚೆಯ ವೈಜ್ಞಾನಿಕ ಸಮೀಕ್ಷೆಗಳಲ್ಲಿ ಈ ಸಂಗತಿಗೆ ಬಹುಕಾಲ ಒಂದು ಸಾಲೂ ಸಿಗಲಿಲ್ಲ ಎಂಬುದು ನೋವಿನ ವಿಷಯ.

ವಿಜ್ಞಾನದ ಕಡೆಯಲ್ಲೂ ಆಗ ನಿಶ್ಚಿಂತೆಯಿತ್ತು. 1916ರಲ್ಲಿ ಫ್ರೆಡರಿಕ್ ಕ್ಲೆಮೆಂಟ್ಸ್ ಮಂಡಿಸಿದ ಸಿದ್ಧಾಂತದ ಪ್ರಕಾರ ಸಸ್ಯಸಮುದಾಯವೊಂದು ನಾಶವಾದರೂ ಹಂತಹಂತವಾಗಿ ಬೆಳೆದು ಆ ಹವಾಗುಣಕ್ಕೆ ತಕ್ಕ ಅಂತಿಮ ಸ್ಥಿತಿಯನ್ನೇ ಮುಟ್ಟುತ್ತದೆ. ಹತ್ತು ವರ್ಷದ ನಂತರ ಹೆನ್ರಿ ಗ್ಲೀಸನ್ ಇದನ್ನು ಒಪ್ಪಲಿಲ್ಲ. ಪ್ರತಿ ಸಸ್ಯಜಾತಿಯೂ ತನ್ನ ಪಾಡಿಗೆ ತಾನು ಬದುಕುತ್ತದೆ, ಎಲ್ಲಿ ಏನು ಬೆಳೆಯುತ್ತದೆ ಎಂಬುದರಲ್ಲಿ ಆಕಸ್ಮಿಕಕ್ಕೂ ಪಾಲಿದೆ ಎಂದರು. ಗ್ಲೀಸನ್ ಮಾತಿಗೆ ಬೆಲೆ ಬರಲು ದಶಕಗಳೇ ಬೇಕಾದವು. ಇಂದು ಸುಟ್ಟ ಬೆಟ್ಟದ ಮೇಲೆ ನಿಂತು ಸಸಿ ಎಣಿಸುವವರ ವಾದವಿವಾದದಲ್ಲಿ ಈ ಇಬ್ಬರ ದನಿಯೂ ಕೇಳಿಸುತ್ತದೆ.

ನೀತಿ ನಿಧಾನಕ್ಕೆ ಬದಲಾಯಿತು. 1943ರಲ್ಲಿ ಹೆರಾಲ್ಡ್ ವೀವರ್ ಎಂಬ ಅರಣ್ಯಾಧಿಕಾರಿ, ಪಾಂಡೆರೋಸಾ ಪೈನ್ ಕಾಡಿಗೆ ಪದೇ ಪದೇ ಬರುವ ನೆಲಬೆಂಕಿ ಅಗತ್ಯವೆಂದು ಬರೆದಾಗ ಇಲಾಖೆಯಲ್ಲಿ ಕೇಳುವವರು ಕಡಿಮೆ. ಉದ್ಯಾನಗಳ ನಿರ್ವಹಣೆ ಕುರಿತ 1963ರ ಲಿಯೊಪೋಲ್ಡ್ ವರದಿಯ ನಂತರ, 1968ರಲ್ಲಿ, ರಾಷ್ಟ್ರೀಯ ಉದ್ಯಾನಗಳು ಸಿಡಿಲಿನಿಂದ ಹುಟ್ಟಿದ ಕೆಲವು ಬೆಂಕಿಗಳನ್ನು ಉರಿಯಲು ಬಿಡತೊಡಗಿದವು. 1988ರ ಯೆಲ್ಲೊಸ್ಟೋನ್ ಆ ನೀತಿಗೆ ಒದಗಿದ ದೊಡ್ಡ ಪರೀಕ್ಷೆ.

ಬೀಜ ಎಲ್ಲಿಂದ ಬರಬೇಕು?

ಮೊದಲ ಪಂಥದವರು ಕೇಳುವುದು ಇದನ್ನೇ. ಸೂಚಿಪರ್ಣಿಗಳಲ್ಲಿ ಬಹುಪಾಲು ಮರಗಳು ಕಡಿದರೆ, ಸುಟ್ಟರೆ ಬುಡದಿಂದ ಚಿಗುರುವುದಿಲ್ಲ. ನಮ್ಮ ಕಾಡಿನ ತೇಗದಂತೆ ಬೊಡ್ಡೆಯಿಂದ ಮತ್ತೆ ಏಳುವ ಗುಣ ಅವಕ್ಕಿಲ್ಲ. ಹಾಗಾಗಿ ಎಲ್ಲವೂ ಬೀಜದ ಮೇಲೆ ನಿಂತಿದೆ, ಬೀಜ ಉಳಿಸಿಕೊಳ್ಳುವ ದಾರಿ ಒಂದೊಂದು ಜಾತಿಗೂ ಒಂದೊಂದು.

ಲಾಜ್‌ಪೋಲ್ ಪೈನ್‌ನ ಹಲವು ಮರಗಳಲ್ಲಿ ಬೀಜ ತುಂಬಿದ ಶಂಕುಗಳು ರಾಳದಿಂದ ಬಿಗಿದುಕೊಂಡು ವರ್ಷಗಟ್ಟಲೆ ಕೊಂಬೆಯಲ್ಲೇ ಇರುತ್ತವೆ. ಬೆಂಕಿಯ ಝಳಕ್ಕೆ ರಾಳ ಕರಗಿ, ಶಂಕುವಿನ ಪೊರೆಗಳು ಬಿಚ್ಚಿ, ಬೂದಿಯ ಮೇಲೆ ಬೀಜ ಉದುರುತ್ತದೆ. 1988ರ ಪವಾಡದ ಗುಟ್ಟು ಇಷ್ಟೇ. ಆದರೆ ಮರ ಬೆಳೆದು ಅಂಥ ಶಂಕುಗಳನ್ನು ಸಾಕಷ್ಟು ಕೂಡಿಡಲು ದಶಕಗಳು ಬೇಕು. ಆ ಕೂಡಿಕೆ ತುಂಬುವ ಮೊದಲೇ ಎರಡನೇ ಬೆಂಕಿ ಬಂದರೆ ಮರವೂ ಹೋಯಿತು, ಬೀಜವೂ ಹೋಯಿತು. ಬೆಂಕಿಗಳ ನಡುವಿನ ಬಿಡುವು ಕುಗ್ಗುವುದು, ಒಣಹವೆಯಿಂದ ಬೀಜದ ಕೂಡಿಕೆ ನಿಧಾನವಾಗುವುದು, ಸಸಿಗಳು ಬದುಕದಿರುವುದು, ಈ ಮೂರೂ ಸೇರಿ ಸಸ್ಯವನ್ನು ಹಿಂಡುತ್ತವೆ ಎಂದು ಆಸ್ಟ್ರೇಲಿಯದ ನೀಲ್ ಎನ್‌ರೈಟ್ ಮತ್ತು ಸಂಗಡಿಗರು 2015ರಲ್ಲಿ ವಿವರಿಸಿದರು.

ಪಾಂಡೆರೋಸಾ ಪೈನ್ ಮತ್ತು ಡಗ್ಲಸ್ ಫರ್‌ಗಳದ್ದು ಬೇರೆ ಉಪಾಯ. ದಪ್ಪ ತೊಗಟೆಯ ದೊಡ್ಡ ಮರ ನೆಲಬೆಂಕಿಯನ್ನು ತಾಳಿಕೊಂಡು ನಿಲ್ಲುತ್ತದೆ, ಆಮೇಲೆ ಸುತ್ತಲಿನ ಬರಿನೆಲಕ್ಕೆ ಬೀಜ ಬೀಳಿಸುತ್ತದೆ. ತಾಯಿಮರವೇ ಸತ್ತರೆ ಈ ಉಪಾಯ ಕೆಲಸಕ್ಕೆ ಬಾರದು. ಬೀಜ ಹೆಚ್ಚು ದೂರ ಹಾರುವುದೂ ಇಲ್ಲ. ಉತ್ತರ ರಾಕಿ ಪರ್ವತಗಳ ಬಗ್ಗೆ 2016ರಲ್ಲಿ ಪ್ರಕಟವಾದ ಅಧ್ಯಯನವೊಂದು, ಬದುಕುಳಿದ ಮರದಿಂದ ಸುಮಾರು 95 ಮೀಟರ್ ದಾಟಿದರೆ ಸಸಿಗಳು ಸಿಗುವ ಸಂಭವ ತೀರಾ ಇಳಿಯುತ್ತದೆಂದು ತೋರಿಸಿತು. ಕೊಲರಾಡೊದಲ್ಲಿ 2002ರಲ್ಲಿ ಉರಿದ ಹೇಮನ್ ಬೆಂಕಿ ಸುಮಾರು 1.38 ಲಕ್ಷ ಎಕರೆ ವ್ಯಾಪಿಸಿತ್ತು. ಅದರ ನಡುಭಾಗದಲ್ಲಿ ಮೈಲಿಗಟ್ಟಲೆ ಒಂದು ಹಸಿರು ಮರವೂ ಉಳಿಯದ ಹಾಸುಗಳಿದ್ದವು. ಅಲ್ಲಿ ಇಂದಿಗೂ ಹುಲ್ಲು, ಪೊದೆಗಳದ್ದೇ ಹೆಚ್ಚಿನ ರಾಜ್ಯ.

ಇದಕ್ಕೊಂದು ಸುಂದರ ಅಪವಾದವುಂಟು. ಎತ್ತರದ ಶಿಖರಗಳ ವೈಟ್‌ಬಾರ್ಕ್ ಪೈನ್‌ನ ಬೀಜಕ್ಕೆ ರೆಕ್ಕೆಯಿಲ್ಲ. ಕ್ಲಾರ್ಕ್ಸ್ ನಟ್‌ಕ್ರ್ಯಾಕರ್ ಎಂಬ ಕಾಗೆಯ ಬಳಗದ ಹಕ್ಕಿ ಅದನ್ನು ಗಂಟಲ ಚೀಲದಲ್ಲಿ ತುಂಬಿಕೊಂಡು ಕಿಲೋಮೀಟರುಗಟ್ಟಲೆ ಹಾರಿ, ಚಳಿಗಾಲದ ಊಟಕ್ಕೆಂದು ನೆಲದಲ್ಲಿ ಹೂತಿಡುತ್ತದೆ. ತಿನ್ನದೆ ಬಿಟ್ಟದ್ದು ಮರವಾಗುತ್ತದೆ. ಸುಟ್ಟ ಬಯಲಿನ ನಡುವೆಯೂ ಹೀಗೆ ಬೀಜ ತಲುಪಬಲ್ಲದು. ಶಿಲೀಂಧ್ರ ರೋಗ, ತೊಗಟೆ ದುಂಬಿ, ಬೆಂಕಿಗಳಿಂದ ಆ ಪೈನ್ ಕುಗ್ಗುತ್ತಾ ಬಂದು, 2022ರ ಡಿಸೆಂಬರಿನಲ್ಲಿ ಅಮೆರಿಕದ ಅಪಾಯದಂಚಿನ ಜೀವಿಗಳ ಪಟ್ಟಿ ಸೇರಿತು.

ಬೀಜ ಬಿದ್ದರೂ ಹದವಿಲ್ಲದಿದ್ದರೆ

ಬೀಜವಿದ್ದರೆ ಸಾಲದು ಎನ್ನುತ್ತದೆ ಎರಡನೇ ಪಂಥ. ನೆಲದ ಹದ ತಪ್ಪಿದ ಮೇಲೆ ಬಿತ್ತಿದ ಜೋಳದ ಗತಿ ಏನೆಂದು ನಮ್ಮ ಬಯಲುಸೀಮೆಯ ರೈತರಿಗೆ ಬಿಡಿಸಿ ಹೇಳಬೇಕಿಲ್ಲ. ಪೈನ್ ಬೀಜಕ್ಕೂ ಅದೇ ಕಷ್ಟ. ಬೆಳೆದ ಮರ ಆಳದ ನೀರು ಕುಡಿದು ಬರಗಾಲಗಳನ್ನು ದಾಟುತ್ತದೆ. ಮೊದಲ ಬೇಸಿಗೆಯ ಸಸಿಗೆ ಬೆರಳುದ್ದದ ಬೇರು. ಮೇಲ್ಮಣ್ಣು ಒಣಗುವ ಮೊದಲೇ ಆ ಬೇರು ಕೆಳಗಿಳಿಯಬೇಕು. ನೆರಳು ಕೊಡುವ ಮರ ಸುಟ್ಟುಹೋಗಿ, ಕರಿ ನೆಲ ಬಿಸಿಲು ಹೀರಿಕೊಂಡಾಗ ಮಣ್ಣಿನ ಮೇಲ್ಮೈ ಎಳೆಯ ಕಾಂಡವನ್ನು ಬೇಯಿಸುವಷ್ಟು ಕಾಯುತ್ತದೆ. ಅಂದರೆ ನೂರಾರು ವರ್ಷದ ಮರ ಸಲೀಸಾಗಿ ಬದುಕಿದ್ದ ಜಾಗದಲ್ಲೇ ಅದರ ಮಗು ಬದುಕಲಾರದು. ಹವೆ ಬದಲಾಗಿ ದಶಕಗಳಾದರೂ ಹಳೆಯ ಕಾಡು ನಿಂತೇ ಇರುವುದರಿಂದ ಬದಲಾವಣೆ ಕಣ್ಣಿಗೆ ಬೀಳುವುದಿಲ್ಲ, ಬೆಂಕಿ ಬಂದು ಹೋದ ಮೇಲೆ ಮಾತ್ರ ತಿಳಿಯುತ್ತದೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾದ ಸೂಚಿಪರ್ಣಿ ಕಾಡಿನಲ್ಲಿ ಸುಮಾರು ಐದನೇ ಒಂದು ಪಾಲು ಹೀಗೆ ಈಗಿನ ಹವೆಗೆ ಹೊಂದದೆ ನಿಂತಿದೆ ಎಂದು 2023ರ ಅಧ್ಯಯನವೊಂದು ಅಂದಾಜು ಮಾಡಿತು.

ಈ ಪಂಥದ ಬಲ ಅದರ ಅಂಕಿಅಂಶದಲ್ಲಿದೆ. 2006ರಲ್ಲಿ ಆಂಥನಿ ವೆಸ್ಟರ್ಲಿಂಗ್ ಮತ್ತು ಸಂಗಡಿಗರು, 1980ರ ದಶಕದ ನಡುವಿನಿಂದೀಚೆಗೆ ಪಶ್ಚಿಮ ಅಮೆರಿಕದಲ್ಲಿ ದೊಡ್ಡ ಕಾಳ್ಗಿಚ್ಚುಗಳು ಹಿಂದಿನದಕ್ಕಿಂತ ಸುಮಾರು ನಾಲ್ಕು ಪಟ್ಟಾಗಿವೆ, ಹಿಮ ಬೇಗ ಕರಗುವ ವರ್ಷಗಳಲ್ಲೇ ಅವು ಹೆಚ್ಚು ಎಂದು ತೋರಿಸಿದರು. 2016ರಲ್ಲಿ ಅಬಟ್ಜೊಗ್ಲು ಮತ್ತು ವಿಲಿಯಮ್ಸ್ ಎಂಬ ವಿಜ್ಞಾನಿಗಳು, ಮನುಷ್ಯರಿಂದಾದ ತಾಪಮಾನ ಏರಿಕೆ ಇಲ್ಲದಿದ್ದರೆ 1984ರಿಂದ ಸುಟ್ಟ ಕಾಡು ಸುಮಾರು ಅರ್ಧದಷ್ಟೇ ಇರುತ್ತಿತ್ತೆಂದು ಲೆಕ್ಕ ಹಾಕಿದರು. ಬೆಂಕಿಯ ನಂತರದ ಬೆಳವಣಿಗೆಯ ಬಗ್ಗೆ 2018ರಲ್ಲಿ ಕ್ಯಾಮಿಲ್ ಸ್ಟೀವನ್ಸ್-ರೂಮನ್ ನೇತೃತ್ವದ ತಂಡ ರಾಕಿ ಪರ್ವತಗಳ 52 ಬೆಂಕಿಗಳ 1,485 ತಾಣಗಳ ಲೆಕ್ಕ ಒಟ್ಟುಗೂಡಿಸಿತು. ಒಂದೂ ಸಸಿಯಿಲ್ಲದ ತಾಣಗಳು ಶತಮಾನ ತಿರುಗುವ ಮೊದಲಿನ ಬೆಂಕಿಗಳಲ್ಲಿ ಶೇ. 19 ಇದ್ದರೆ, ನಂತರದವುಗಳಲ್ಲಿ ಶೇ. 32 ಇದ್ದವು.

ಮರುವರ್ಷ ಕಿಂಬರ್ಲಿ ಡೇವಿಸ್ ತಂಡ ಇನ್ನೂ ಸೂಕ್ಷ್ಮವಾದ ಕೆಲಸ ಮಾಡಿತು. ಪಾಂಡೆರೋಸಾ ಮತ್ತು ಡಗ್ಲಸ್ ಫರ್ ಸಸಿಗಳನ್ನು ಕತ್ತರಿಸಿ, ವಾರ್ಷಿಕ ಉಂಗುರಗಳಿಂದ ಅವು ಯಾವ ವರ್ಷ ಹುಟ್ಟಿದವೆಂದು ಪತ್ತೆಹಚ್ಚಿ, ಆ ವರ್ಷದ ಮಣ್ಣಿನ ತೇವ, ಗಾಳಿಯ ಒಣತನ, ನೆಲದ ಬಿಸಿಗಳೊಂದಿಗೆ ಹೋಲಿಸಿತು. ಕಂಡದ್ದು ನಿಧಾನದ ಇಳಿಜಾರಲ್ಲ. ಒಂದು ಮಿತಿಯವರೆಗೆ ಸಸಿ ಹುಟ್ಟುತ್ತದೆ, ದಾಟಿದರೆ ಥಟ್ಟನೆ ನಿಲ್ಲುತ್ತದೆ. ಕೆಳಮಟ್ಟದ ಹಲವು ತಾಣಗಳು ಎರಡು ದಶಕಗಳಲ್ಲಿ ಆ ಮಿತಿ ದಾಟಿದ್ದವು. ಇಡೀ ಚರ್ಚೆಯಲ್ಲಿ ಇಷ್ಟು ಕಳವಳ ಹುಟ್ಟಿಸುವ ಬರಹ ಇನ್ನೊಂದಿಲ್ಲ ಎಂಬುದು ನನ್ನ ಎಣಿಕೆ. ಇಂಥ ಕಡೆ ಕಳೆದುಕೊಂಡದ್ದು ಮರಳಬೇಕಾದರೆ ಹವೆಯೇ ಮರಳಬೇಕು.

ಇಕ್ಕಟ್ಟಾದ ಕಾಡು, ನಂದಿಸಿದ ಬೆಂಕಿ

2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಆಕಾಶ ಕಾಳ್ಗಿಚ್ಚಿನ ಹೊಗೆ ಕವಿದು ನಡುಹಗಲಲ್ಲೇ ಕಿತ್ತಳೆ ಬಣ್ಣಕ್ಕೆ ತಿರುಗಿತು. ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರೂ ಆ ಹೊಗೆಯಡಿಯಲ್ಲಿ ಬದುಕಿದವರೇ. ಇಷ್ಟೊಂದು ಉರುವಲು ಕಾಡಿನಲ್ಲಿ ಎಲ್ಲಿತ್ತು ಎಂಬ ಪ್ರಶ್ನೆಗೆ ಮೂರನೇ ಪಂಥ ಉತ್ತರ ಕೊಡುತ್ತದೆ.

ಒಣ ಪಾಂಡೆರೋಸಾ ಕಾಡುಗಳಲ್ಲಿ ಹಳೆಯ ಮರಗಳ ಉಂಗುರಗಳ ನಡುವೆ ಸುಟ್ಟ ಗಾಯದ ಗುರುತುಗಳಿರುತ್ತವೆ. ಕೆಲವು ವರ್ಷಗಳಿಗೊಮ್ಮೆ ತರಗು, ಹುಲ್ಲು ಉರಿಸಿ ಹೋಗುತ್ತಿದ್ದ ಸಣ್ಣ ಬೆಂಕಿಗಳ ದಾಖಲೆ ಅದು. ಹತ್ತೊಂಬತ್ತನೇ ಶತಮಾನದ ಕೊನೆಗೆ ಆ ಗುರುತುಗಳು ನಿಲ್ಲುತ್ತವೆ. ಮೊದಲು ಕುರಿದನಗಳು ಹುಲ್ಲು ಮೇಯ್ದು ಬೆಂಕಿಯ ದಾರಿ ತಪ್ಪಿಸಿದವು, ಆಮೇಲೆ ಇಲಾಖೆ ಬಂತು. ಬಿಡಿಬಿಡಿಯಾಗಿ ನಿಂತಿದ್ದ ದೊಡ್ಡ ಮರಗಳ ನಡುವೆ ಎಳೆಮರಗಳು ಕಿಕ್ಕಿರಿದವು. ಈಗ ಬೆಂಕಿ ಆ ಎಳೆಮರಗಳನ್ನು ಹತ್ತಿ ನೆತ್ತಿಗೇರುತ್ತದೆ, ತಾಯಿಮರವನ್ನೂ ಕೊಲ್ಲುತ್ತದೆ. ಸಿಕೋಯಾಗಳೇ ಇದಕ್ಕೆ ಸಾಕ್ಷಿ. ಎರಡು-ಮೂರು ಸಾವಿರ ವರ್ಷ ಬದುಕಿದ, ಬೆಂಕಿಯಿಂದಲೇ ಶಂಕು ಬಿಚ್ಚುವ ಆ ದೈತ್ಯ ಮರಗಳಲ್ಲಿ 7,500ರಿಂದ 10,600ರಷ್ಟು 2020ರ ಕ್ಯಾಸಲ್ ಬೆಂಕಿಯೊಂದರಲ್ಲೇ ಸತ್ತವೆಂದು ಅಂದಾಜು. ಮರುವರ್ಷ ಇನ್ನೂ ಎರಡರಿಂದ ಮೂರೂವರೆ ಸಾವಿರ ಹೋದವು.

ಇದಕ್ಕೆ ಎದುರುವಾದವೂ ಇದೆ. ವಿಲಿಯಂ ಬೇಕರ್ ಮತ್ತು ಸಂಗಡಿಗರು ಹತ್ತೊಂಬತ್ತನೇ ಶತಮಾನದ ಭೂಮಾಪನ ದಾಖಲೆಗಳನ್ನು ಓದಿ, ಒಣ ಕಾಡುಗಳಲ್ಲೂ ಹಿಂದೆ ತೀವ್ರ ಬೆಂಕಿಗಳು ಇದ್ದವು, ಆದ್ದರಿಂದ ಮರ ಕಡಿದು ಕಾಡನ್ನು ತೆಳುಗೊಳಿಸುವ ಯೋಜನೆಗಳಿಗೆ ಇತಿಹಾಸದ ಆಧಾರ ಸಡಿಲವಾಗಿದೆ ಎಂದರು. ಆ ವಿಧಾನ ಮರಗಳ ಸಂಖ್ಯೆಯನ್ನು ಹಿಗ್ಗಿಸಿ ತೋರಿಸುತ್ತದೆ ಎಂದು ಇತರರು ಖಂಡಿಸಿದರು. ನನಗೆ ಬೆಂಕಿಗಾಯದ ಸಾಕ್ಷ್ಯವೇ ಹೆಚ್ಚು ನಂಬಲರ್ಹವಾಗಿ ತೋರುತ್ತದೆ. ಆದರೂ ಬೇಕರ್ ಎತ್ತಿದ ಒಂದು ಎಚ್ಚರಿಕೆಯನ್ನು ಬಿಡಬಾರದು: ಒಣ ಪಾಂಡೆರೋಸಾ ಕಾಡಿನ ಕಥೆಯನ್ನು ಎಲ್ಲ ಸೂಚಿಪರ್ಣಿ ಕಾಡುಗಳಿಗೂ ಅಂಟಿಸಲಾಗದು. ಯೆಲ್ಲೊಸ್ಟೋನಿನ ಎತ್ತರದ ಕಾಡಿಗೆ ಶತಮಾನಗಳ ಅಂತರದಲ್ಲಿ ಬರುವ ಭಾರೀ ಬೆಂಕಿಯೇ ವಾಡಿಕೆಯಾಗಿತ್ತೆಂದು ವಿಲಿಯಂ ರೋಮ್ 1982ರಲ್ಲೇ ಬರೆದಿದ್ದರು. ಅಲ್ಲಿ ಇಲಾಖೆಯ ಬೆಂಕಿ ತಡೆ ದೊಡ್ಡ ಕಾರಣವೇ ಅಲ್ಲ.

ಕಾಯಬೇಕು ಎನ್ನುವವರು

ಅರಿಜೋನಾದ ಫೋರ್ಟ್ ವ್ಯಾಲಿ ಪ್ರಯೋಗ ಕೇಂದ್ರದಲ್ಲಿ ಜಿ. ಎ. ಪಿಯರ್ಸನ್ ಎಂಬ ಅರಣ್ಯವಿಜ್ಞಾನಿ ಪಾಂಡೆರೋಸಾ ಸಸಿಗಳಿಗಾಗಿ 1908ರಿಂದ ವರ್ಷಗಟ್ಟಲೆ ಕಾದರು. 1918ರಲ್ಲಿ ಬೀಜ ಹೇರಳವಾಗಿ ಬಿತ್ತು, 1919ರಲ್ಲಿ ಒಳ್ಳೆಯ ಮಳೆ ಬಂತು, ಒಂದೇ ವರ್ಷದಲ್ಲಿ ಸಸಿಗಳು ಹುಲುಸಾಗಿ ಎದ್ದವು. ನೈಋತ್ಯ ಅಮೆರಿಕದ ಇಂದಿನ ಎಷ್ಟೋ ಪಾಂಡೆರೋಸಾ ಮರಗಳು ಆ ಒಂದು ವರ್ಷದ ಮಕ್ಕಳು. ಈ ಮರಗಳ ಬಾಳುವೆ ಶತಮಾನಗಳದ್ದು. ಹತ್ತು-ಹದಿನೈದು ವರ್ಷ ಸಸಿ ಕಾಣದಿದ್ದರೆ ಕಾಡು ಸೋತಿತೆಂದು ಬರೆದುಬಿಡುವುದು ಅವಸರ ಎನ್ನುತ್ತದೆ ನಾಲ್ಕನೇ ಪಂಥ.

ಅವಸರದ ಹಾನಿಗೂ ಉದಾಹರಣೆಯಿದೆ. ಆರೆಗಾನ್‌ನಲ್ಲಿ 2002ರ ಬಿಸ್ಕೆಟ್ ಬೆಂಕಿಯ ನಂತರ, ಸತ್ತ ಮರಗಳನ್ನು ಕಡಿದು ಸಾಗಿಸಿದರೆ ಕಾಡು ಬೇಗ ಮರಳುತ್ತದೆಂದು ಒಂದು ಬಣ ವಾದಿಸಿತ್ತು. ಆಗಿನ್ನೂ ವಿದ್ಯಾರ್ಥಿಯಾಗಿದ್ದ ಡ್ಯಾನಿಯೆಲ್ ಡೊನಾಟೊ ಮತ್ತು ಜೊತೆಗಾರರು ಸಸಿ ಎಣಿಸಿದಾಗ, ತಾನಾಗಿ ಹುಟ್ಟಿದ್ದ ಸಸಿಗಳಲ್ಲಿ ಶೇ. 71ರಷ್ಟು ಈ ಕಡಿತದಿಂದಲೇ ನಾಶವಾಗಿದ್ದವು. 2006ರಲ್ಲಿ ಅದು ಪ್ರಕಟವಾದಾಗ ಎದ್ದ ಗಲಾಟೆ ಅಮೆರಿಕದ ಸಂಸತ್ ಸಮಿತಿಯ ವಿಚಾರಣೆವರೆಗೂ ಹೋಯಿತು.

ಈ ಪಂಥದ ಕೊರತೆ ಒಂದೇ. 1919ರಂಥ ವರ್ಷ ಮತ್ತೆ ಬರುತ್ತದೆಂದು ಅದು ನಂಬಿದೆ. ನೈಋತ್ಯ ಅಮೆರಿಕದಲ್ಲಿ 2000ದಿಂದ 2021ರವರೆಗಿನ 22 ವರ್ಷ, ಮರದುಂಗುರಗಳ ಲೆಕ್ಕದಲ್ಲಿ, ಕ್ರಿ.ಶ. 800ರಿಂದೀಚೆಗೆ ಕಂಡ ಅತಿ ಒಣ ಅವಧಿ.

ಉತ್ತರದ ಸ್ಪ್ರೂಸ್

ಅಲಾಸ್ಕಾ, ಕೆನಡಾಗಳ ಕಪ್ಪು ಸ್ಪ್ರೂಸ್ ಕಾಡಿನಲ್ಲಿ ಬೆಂಕಿಯ ನಂತರ ಯಾವ ಮರ ಬರುತ್ತದೆಂಬುದಕ್ಕೆ ನಿರ್ಣಾಯಕವಾದದ್ದು ನೆಲದ ಮೇಲಿನ ಪಾಚಿ ಮತ್ತು ಅರೆಕೊಳೆತ ಸಸ್ಯದ ದಪ್ಪ ಹಾಸು. ಬೆಂಕಿ ಮೇಲೆಮೇಲೆ ಸುಟ್ಟರೆ ಸ್ಪ್ರೂಸ್ ಮರಳುತ್ತದೆ. ಒಣ ವರ್ಷಗಳಲ್ಲಿ ಹಾಸು ಆಳಕ್ಕೆ ಉರಿದು ಖನಿಜ ಮಣ್ಣು ಹೊರಬಿದ್ದರೆ ಆಸ್ಪೆನ್, ಬರ್ಚ್‌ನಂಥ ಅಗಲೆಲೆಯ ಮರಗಳು ಮೊದಲು ಹಿಡಿಯುತ್ತವೆ. 2004ರಲ್ಲಿ ಅಲಾಸ್ಕಾದಲ್ಲಿ 66 ಲಕ್ಷ ಎಕರೆ ಸುಟ್ಟ ನಂತರ ಜಿಲ್ ಜಾನ್‌ಸ್ಟನ್ ಮೊದಲಾದವರು ಇದನ್ನು ಹಿಂಬಾಲಿಸಿದರು. ಅಚ್ಚರಿಯೆಂದರೆ, ಬೆಂಕಿ ಕಳೆದ ಇಂಗಾಲವನ್ನು ಹೊಸ ಅಗಲೆಲೆಯ ಕಾಡು ದಶಕಗಳಲ್ಲಿ ತುಂಬಿಕೊಡಬಲ್ಲದು ಎಂದು 2021ರಲ್ಲಿ ಮಿಶೆಲ್ ಮ್ಯಾಕ್ ತಂಡ ತೋರಿಸಿತು. ಕಾಡು ಮರಳಲಿಲ್ಲ, ಇಂಗಾಲ ಮಾತ್ರ ಮರಳಿತು. 2023ರಲ್ಲಿ ಕೆನಡಾದಲ್ಲಿ ಸುಮಾರು 150 ಲಕ್ಷ ಹೆಕ್ಟೇರ್ ಸುಟ್ಟ ಮೇಲೆ ಈ ವಿನಿಮಯದ ಅಳತೆ ಎಷ್ಟು ಹಿಗ್ಗಬಹುದೆಂಬುದು ಇನ್ನೂ ತೆರೆದ ಲೆಕ್ಕ.

ಬಗೆಹರಿಯದೆ ಉಳಿದವು

ಮೊದಲ ಎರಡು ಪಂಥಗಳ ಜಗಳ ಬಹುಮಟ್ಟಿಗೆ ತಣ್ಣಗಾಗಿದೆ. 2023ರಲ್ಲಿ ಡೇವಿಸ್ ಮತ್ತು ಹಲವು ಸಂಸ್ಥೆಗಳ ಸಂಶೋಧಕರು 334 ಬೆಂಕಿಗಳ 10,230 ತಾಣಗಳನ್ನು ಒಟ್ಟಿಗೆ ನೋಡಿದಾಗ, ಎಂಟು ಸೂಚಿಪರ್ಣಿ ಜಾತಿಗಳಲ್ಲಿ ಬೀಜವೂ ಹವೆಯೂ ಒಂದರೊಳಗೊಂದು ಹೆಣೆದುಕೊಂಡಿದ್ದವು. ಬೆಂಕಿಯ ತೀವ್ರತೆ ತಗ್ಗಿಸಿ ತಾಯಿಮರ ಉಳಿಸಿದರೆ, ಹವೆ ಹದಗೆಟ್ಟರೂ ಮುಂದಿನ ಕೆಲವು ದಶಕ ಅನೇಕ ಕಡೆ ಸಸಿ ಹುಟ್ಟಬಲ್ಲದು. ತೆಳುಗೊಳಿಸುವುದು, ನಿಯಂತ್ರಿತ ಬೆಂಕಿಯಿಡುವುದು, ಕರೂಕರಂಥವರ ಕೈಗೆ ಅವರ ಬೆಂಕಿಯನ್ನು ಮರಳಿಸುವುದು ಈಗಲೇ ಆಗಬೇಕೆಂದು ನಾನು ನಂಬುವುದು ಇದೇ ಕಾರಣಕ್ಕೆ. ಆ ಕಾಲಾವಕಾಶ ಶಾಶ್ವತವಲ್ಲ. ಅದು ಎಷ್ಟು ವರ್ಷದ್ದು ಎಂಬುದಕ್ಕೆ ಒಮ್ಮತವಿಲ್ಲ.

ಕಾಡು ತಡವಾಗಿದೆಯೋ ಸೋತಿದೆಯೋ ಎಂದು ಯಾವ ವರ್ಷ ತೀರ್ಮಾನಿಸಬೇಕು ಎಂಬುದೂ ಇತ್ಯರ್ಥವಾಗಿಲ್ಲ. ಬಹುತೇಕ ಅಧ್ಯಯನಗಳು ಬೆಂಕಿಯ ನಂತರದ ಒಂದೆರಡು ದಶಕಗಳವು, ಕಾಡಿನ ಆಯುಸ್ಸು ಅದರ ಹತ್ತು ಪಟ್ಟು. ಎಷ್ಟು ಸಸಿ ಬಂದರೆ ಸಾಕು ಎಂಬುದರಲ್ಲೂ ಗೊಂದಲವಿದೆ. ಸುಟ್ಟದ್ದೇ ಕಿಕ್ಕಿರಿದ ಕಾಡಾಗಿದ್ದರೆ ಅದರಷ್ಟೇ ದಟ್ಟವಾಗಿ ಮರಳುವುದನ್ನು ಗೆಲುವೆನ್ನಬೇಕೇ?

ಸಸಿ ನೆಡುವುದಕ್ಕೆ ಹಣವಿದೆ, ಒಮ್ಮತವಿಲ್ಲ. 2021ರಲ್ಲಿ ಅಮೆರಿಕ ರೀಪ್ಲಾಂಟ್ ಕಾಯಿದೆ ತಂದು ಹತ್ತು ವರ್ಷದಲ್ಲಿ 120 ಕೋಟಿ ಸಸಿ ನೆಡುವ ಗುರಿ ಇಟ್ಟಿತು. ಸಾಲುಸಾಲಾಗಿ ಒತ್ತೊತ್ತಾಗಿ ನೆಟ್ಟರೆ ಮುಂದಿನ ಬೆಂಕಿಗೆ ಉರುವಲು ಜೋಡಿಸಿದಂತಾಗುತ್ತದೆಂದು ಮಾಲ್ಕಂ ನಾರ್ತ್ ಮತ್ತು ಸಂಗಡಿಗರು 2019ರಲ್ಲೇ ಎಚ್ಚರಿಸಿ, ಅಲ್ಲಲ್ಲಿ ಗುಂಪಾಗಿ ನೆಡುವ ಕ್ರಮ ಸೂಚಿಸಿದ್ದರು. ಸತ್ತ ಸಿಕೋಯಾ ತೋಪುಗಳಲ್ಲಿ ಸಸಿ ನೆಡಲು ಉದ್ಯಾನ ಇಲಾಖೆ ಮುಂದಾದಾಗ, 1964ರ ವನ್ಯಪ್ರದೇಶ ಕಾಯಿದೆಯಡಿ ಮನುಷ್ಯರ ಕೈ ಸೋಕಬಾರದ ಜಾಗವದು ಎಂಬ ಆಕ್ಷೇಪ ಬಂತು. ಬೆಚ್ಚನೆಯ ಸೀಮೆಯ ಬೀಜವನ್ನು ತಂದು ಮೇಲಿನ ಬೆಟ್ಟದಲ್ಲಿ ಬಿತ್ತಬೇಕೆನ್ನುವವರಿಗೆ, ಯಾವ ವರ್ಷದ ಹವೆಗೆ ತಕ್ಕ ಬೀಜ ಆರಿಸಬೇಕೆಂಬ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಇಂದಿನ ಹವೆಗೆ ಒಗ್ಗುವ ಸಸಿ ಎಂಬತ್ತು ವರ್ಷದ ನಂತರದ ಒಣಬೇಸಿಗೆ ತಾಳಬೇಕು, ಆ ಬೇಸಿಗೆ ತಾಳುವ ಸಸಿ ಈ ಚಳಿಗಾಲದ ಹಿಮವನ್ನೂ ದಾಟಬೇಕು. ಎರಡೂ ಗುಣವಿರುವ ಬೀಜ ಯಾವ ಬೆಟ್ಟದ ಯಾವ ಮರದಲ್ಲಿದೆ ಎಂಬ ಹುಡುಕಾಟ ನಡೆಯುತ್ತಿದೆ.